ಮಗಳ ಬೈಕಿಗೊಂದು ಜಿಪಿಎಸ್

ಫೆಬ್ರವರಿ ೧೧

ಮಗಳಿಗೆ,

ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕಾಗದವನ್ನಾದರೂ ಓದದೆ ಎಸೆಯುವವಳಲ್ಲ ಎಂಬ ನಂಬಿಕೆ ಇದೆ.

ನಿನ್ನ ಸೋದರಮಾವ ಬಂದಿದ್ದ. ಕೇಳದಿದ್ದರೂ ಎಲ್ಲ ಹೇಳಿದ. ನೀನು ಬೈಕಿನ ಹ್ಯಾಂಡಲ್ಲಿಗೆ ಮೊಬೈಲ್ ಕಟ್ಟಿಕೊಂಡು, ಅದರಲ್ಲಿ ದಾರಿ ನೋಡಿಕೊಂಡು ಓಡಿಸುತ್ತೀಯಂತೆ. ಹಾಗೆ ನೋಡುತ್ತಲೇ ಹೋಗಿ ರಸ್ತೆ ಅಗೆದ ಗುಂಡಿಗೆ ಬಿದ್ದೆಯಂತೆ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿಲ್ಲ ಅಂದ. ಅವನ 'ಏನೂ ಆಗಿಲ್ಲ' ನನಗೆ ಗೊತ್ತು. ಅವನ ಅಡುಗೆಮನೆಗೆ ಬೆಂಕಿ ಬಿದ್ದಾಗಲೂ ಹಾಗೇ ಅಂದಿದ್ದ.

ಜೀವನವಿಡೀ ಡ್ರೈವಿಂಗ್ ಸ್ಕೂಲ್ ನಡೆಸಿದವನ ಮಗಳು ಮೊಬೈಲ್ ನೋಡಿಕೊಂಡು ಗುಂಡಿಗೆ ಬಿದ್ದಳು. ಇದನ್ನು ನಾನು ಯಾರ ಮುಂದೆ ಹೇಳಿಕೊಳ್ಳಲಿ?

ಇದರ ಜೊತೆ ಒಂದು ಪೆಟ್ಟಿಗೆ ಕಳಿಸಿದ್ದೇನೆ. ಬೈಕಿಗೆಂದೇ ಮಾಡಿದ ಜಿಪಿಎಸ್. ಇದನ್ನು ಆರಿಸುವಷ್ಟರಲ್ಲಿ ನನ್ನ ತಾಳ್ಮೆಯೆಲ್ಲ ಮುಗಿದುಹೋಯಿತು. ಒಬ್ಬ ಅಂಗಡಿಯವನು ಕಾರಿನದನ್ನು ತೋರಿಸಿ, "ಎರಡೂ ಒಂದೇ ಸಾರ್, ಮೇಲೊಂದು ಪ್ಲಾಸ್ಟಿಕ್ ಕವರ್ ಹಾಕಿದ್ರೆ ಬೈಕಿಗೂ ಆಗತ್ತೆ" ಅಂದ. "ಕವರ್ ಹಾಕಿದ್ಮೇಲೆ ಬೆರಳು ಹೇಗಪ್ಪಾ ಒಳಗೆ ಹೋಗತ್ತೆ?" ಅಂದೆ. ಅವನು ನನ್ನನ್ನು ಅಲ್ಲೇ ಬಿಟ್ಟು ಬೇರೆ ಗಿರಾಕಿ ಕಡೆ ತಿರುಗಿದ. ಇನ್ನೊಂದು ಅಂಗಡಿಯಲ್ಲಿ ಕೌಂಟರಿನವಳು, "ಅಂಕಲ್, ಈಗ ಇದನ್ನೆಲ್ಲಾ ಯಾರು ತಗೋತಾರೆ? ಮೊಬೈಲಲ್ಲೇ ಎಲ್ಲಾ ಬರತ್ತಲ್ಲ" ಅಂದಳು. ಎಲ್ಲ ಬರುತ್ತದೆ, ಅದೇ ತೊಂದರೆ. ತಿರುವಿನಲ್ಲಿರುವಾಗ ಫೋನ್ ಬರುತ್ತದೆ, ಮೆಸೇಜ್ ಬರುತ್ತದೆ, ಬಿಸಿಲಿಗೆ ಕಾದು ತಾನಾಗಿ ಆರಿಹೋಗುತ್ತದೆ, ಬೈಕಿನ ಅದುರಾಟಕ್ಕೆ ಕ್ಯಾಮೆರಾ ಕೆಡುತ್ತದೆ. ಇಷ್ಟನ್ನೂ ಅವಳಿಗೆ ನಾನೇ ಪಾಠ ಮಾಡಿ ಬಂದೆ.

ಕೊನೆಗೆ ಸಿಕ್ಕಿದ್ದು ಇದು. ಗ್ಲೌಸ್ ಹಾಕಿದ ಬೆರಳಿಗೂ ಓಗೊಡುತ್ತದೆ. ನೀರು ಒಳಗೆ ಇಳಿಯುವುದಿಲ್ಲ. ಮ್ಯಾಪ್ ಅದರ ಹೊಟ್ಟೆಯಲ್ಲೇ ಇದೆ, ಇಂಟರ್ನೆಟ್ ಬೇಡ. ಹೆಲ್ಮೆಟ್ಟಿನೊಳಗೆ ಕೂರಿಸುವ ಸಣ್ಣ ಸ್ಪೀಕರ್ ಕೊಟ್ಟಿದ್ದಾರೆ, ಬ್ಲೂಟೂತಿನಲ್ಲಿ ಅದಕ್ಕೆ ಮಾತಾಡುತ್ತದೆ. ಮೀಟರ್ ಮುಚ್ಚದ ಹಾಗೆ ಹ್ಯಾಂಡಲ್ಲಿನ ನಡುವೆ ಕೂರಿಸು. ವಯರ್ ಕಟ್ಟುವ ಮೊದಲು ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡು, ಎಳೆಯಬಾರದು. ಓಡಿಸುತ್ತಾ ಏನಾದರೂ ಒತ್ತಬೇಕಾದರೆ ಎಡಗೈಯಲ್ಲಿ ಒತ್ತು. ಬಲಗೈ ಬ್ರೇಕಿನ ಮೇಲಿರಲಿ, ಎಡಗೈಗೆ ಹೇಗೂ ಕೆಲಸವಿಲ್ಲ.

ಒಳಗಿನದನ್ನೆಲ್ಲ ನಾನೇ ಸೆಟ್ ಮಾಡಿದ್ದೇನೆ. ನೀನು ಏನನ್ನೂ ಮುಟ್ಟಬೇಕಾಗಿಲ್ಲ.

ಬಿಲ್ ಹುಡುಕಬೇಡ, ಪೆಟ್ಟಿಗೆಯಲ್ಲಿಲ್ಲ.

ಅಪ್ಪ


ಫೆಬ್ರವರಿ ೨೩

ಅಪ್ಪನವರಿಗೆ,

ಪೆಟ್ಟಿಗೆ ತಲುಪಿತು. ನಾನು ಕೇಳಿರಲಿಲ್ಲ.

ಮಾವ ಉಪ್ಪು ಖಾರ ಹಚ್ಚಿ ಹೇಳಿದ್ದಾನೆ. ನಾನು ಬಿದ್ದದ್ದು ಮೊಬೈಲ್ ನೋಡಿಕೊಂಡಲ್ಲ. ಅಗೆದವರು ಅಡ್ಡಲಾಗಿ ಒಂದು ಹಲಗೆ ಕೂಡ ಇಟ್ಟಿರಲಿಲ್ಲ, ಪೈಪ್ ಒಡೆದು ಗುಂಡಿಯ ತುಂಬ ನೀರು ನಿಂತು ರಸ್ತೆಗೆ ಸಮನಾಗಿತ್ತು. ಅಗೆದವರನ್ನು ಯಾರೂ ಕೇಳುವುದಿಲ್ಲ. ಬಿದ್ದವಳನ್ನು ಎಲ್ಲರೂ ಕೇಳುತ್ತಾರೆ.

ನನ್ನ ಕೆಲಸ ಏನೆಂದು ನಿಮಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ. ಲಿಫ್ಟ್ ಕಂಪನಿಯಲ್ಲಿ ಮೆಕ್ಯಾನಿಕ್ ಆಗಿದ್ದೇನೆ. ಲಿಫ್ಟಿನೊಳಗೆ ಜನ ಸಿಕ್ಕಿಬಿದ್ದರೆ ಹತ್ತಿರದಲ್ಲಿ ಯಾರಿದ್ದಾರೋ ಅವರಿಗೆ ಕರೆ ಬರುತ್ತದೆ. ಕೈಯಲ್ಲಿರುವ ಸ್ಪ್ಯಾನರ್ ಕೆಳಗಿಟ್ಟು ಹೊರಡಬೇಕು. ಬಹಳ ಸಲ ಹಿಂದೆಂದೂ ನೋಡಿರದ ಬೀದಿ, ನಿನ್ನೆ ಮೊನ್ನೆ ಎದ್ದ ಕಟ್ಟಡ. ಮೊಬೈಲಿನಲ್ಲಿ ದಾರಿ ನೋಡದೆ ಬಾಯಲ್ಲಿ ಕೇಳಿಕೊಂಡು ಹೋಗುತ್ತಾ ಕೂತರೆ ಒಳಗಿರುವವರ ಗತಿ?

ಎಡಗೈಗೆ ಹೇಗೂ ಕೆಲಸವಿಲ್ಲ ಎಂದು ಬರೆದಿದ್ದೀರಿ. ಬೈಕಿನ ಕ್ಲಚ್ ಇರುವುದು ಎಡಗೈಯಲ್ಲಿ. ಟ್ರಾಫಿಕ್ಕಿನಲ್ಲಿ ಆ ಕೈ ಒಂದು ಗಳಿಗೆ ಸುಮ್ಮನಿರುವುದಿಲ್ಲ. ಸ್ಕೂಲಿನ ಬೋರ್ಡಿನ ಮೇಲೆ ಕಾರಿನ ಪಕ್ಕ ಬೈಕಿನ ಚಿತ್ರವನ್ನೂ ಬರೆಸಿಕೊಂಡಿದ್ದವರು ಇದನ್ನು ಹೇಗೆ ಮರೆತರೋ. ವಯಸ್ಸಾಯಿತು ಅಂದುಕೊಳ್ಳುತ್ತೇನೆ.

ಇನ್ನೊಂದು ವಿಷಯ ನೀವು ಮರೆತಿದ್ದರೂ ನಾನು ಮರೆತಿಲ್ಲ. ಊರಿಗೆಲ್ಲ ಕಲಿಸಿದಿರಿ. ಚಿಕ್ಕಪ್ಪನ ಮಕ್ಕಳಿಗೆ ಕಲಿಸಿದಿರಿ, ಹಾಲಿನವನ ತಂಗಿಗೆ ಕಲಿಸಿದಿರಿ. ನಾನು ನೀವು ಕಲಿಸುತ್ತಿದ್ದ ಮೈದಾನಕ್ಕೆ ಬಂದು, "ಅಪ್ಪ, ನಂಗೂ ಬೈಕ್ ಕಲಿಸು, ಒಂದ್ಸಲ ಹತ್ತಿ ತೋರಿಸು" ಅಂದಾಗ, ಅಲ್ಲಿ ನಿಂತಿದ್ದ ಅಷ್ಟೂ ಜನರ ಮುಂದೆ, "ಹುಡುಗಿಗೆ ಯಾಕೆ ಬೈಕು? ಮನೆಗೆ ಹೋಗು" ಅಂದಿರಿ. ಅವರು ನಕ್ಕರು. ನಾನು ನಡೆದುಕೊಂಡು ಮನೆಗೆ ಬಂದೆ. ಆಮೇಲೆ ನನಗೆ ಕಲಿಸಿದ್ದು ಹಾಸ್ಟೆಲ್ಲಿನ ಅಡುಗೆಯವರು, ತಮ್ಮ ಗಂಡನ ಬೈಕಿನಲ್ಲಿ. ಬಿದ್ದು ಎದ್ದು ನಾನೇ ಕಲಿತು ಮುಗಿಸಿದ ಮೇಲೆ ಈಗ ದಾರಿ ತೋರಿಸಲು ಒಂದು ಮಿಷನ್ ಕಳಿಸಿದ್ದೀರಿ.

ಪೆಟ್ಟಿಗೆ ಅಟ್ಟದ ಮೇಲಿದೆ. ಆ ಕಡೆಯಿಂದ ಯಾರಾದರೂ ಬರುವವರಿದ್ದರೆ ತಿಳಿಸಿ, ಕೊಟ್ಟು ಕಳಿಸುತ್ತೇನೆ.

ಮೊಣಕೈ ವಾಸಿಯಾಗಿದೆ ಎಂದು ಅಮ್ಮನಿಗೆ ಹೇಳಿ.

ನಿಮ್ಮ ಮಗಳು


ಮಾರ್ಚ್ ೩

ಮಗಳಿಗೆ,

'ನೀವು', 'ನಿಮಗೆ', 'ಬರೆದಿದ್ದೀರಿ'. ಇದು ಯಾರಿಗೆ ಬಂದ ಕಾಗದ ಎಂದು ಕವರ್ ತಿರುಗಿಸಿ ವಿಳಾಸ ನೋಡಿದೆ. ಮಾತು ಕಲಿತಾಗಿನಿಂದ ಏಕವಚನದಲ್ಲೇ ಕರೆದವಳು ನೀನು. ಸಿಟ್ಟಿದ್ದರೆ ಬೈ. ಮರ್ಯಾದೆ ಕೊಟ್ಟು ಅವಮಾನ ಮಾಡಬೇಡ.

ಎಡಗೈ ವಿಷಯ ಬರೆಯುವ ಭರದಲ್ಲಿ ಆದ ತಪ್ಪು. ಕಾರಿನ ಧ್ಯಾನದಲ್ಲಿದ್ದೆ.

ಮೈದಾನದ ಮಾತು ಈಗ ಬೇಡ.

ಪೆಟ್ಟಿಗೆಗೆ ಅಟ್ಟ ಸರಿಯಾದ ಜಾಗವಲ್ಲ. ಬಹಳ ದಿನ ಚಾರ್ಜ್ ಇಲ್ಲದೆ ಬಿದ್ದಿದ್ದರೆ ಒಳಗಿನ ಬ್ಯಾಟರಿ ಸಾಯುತ್ತದೆ. ನನ್ನ ಮೇಲಿನ ಕೋಪವನ್ನು ಬ್ಯಾಟರಿಯ ಮೇಲೆ ತೀರಿಸಿಕೊಳ್ಳಬೇಡ, ಆಗಾಗ ಇಳಿಸಿ ಚಾರ್ಜ್ ಮಾಡು. ಅಂಗಡಿಯವನು ಅದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ನಾನೂ ತೆಗೆದುಕೊಳ್ಳುವುದಿಲ್ಲ.

ನೀನು ಲಿಫ್ಟ್ ಮೆಕ್ಯಾನಿಕ್ ಎಂದು ನನಗೆ ಗೊತ್ತಿದೆ. ಯಾರಾದರೂ ಕೇಳಿದರೆ ನಿಮ್ಮಮ್ಮ ಎಂಜಿನಿಯರ್ ಅನ್ನುತ್ತಾಳೆ. ನಾನು ತಿದ್ದುತ್ತೇನೆ.

ಅಪ್ಪ


ಏಪ್ರಿಲ್ ೧೯

ಅಪ್ಪನವರಿಗೆ,

ಇದನ್ನು ಬರೆಯುವುದು ನನಗೆ ಇಷ್ಟವಿಲ್ಲ. ಆದರೆ ನೀವು ಉತ್ತರ ಕೊಡಲೇಬೇಕಾದ ಒಂದು ಪ್ರಶ್ನೆ ಇದೆ, ಅದು ಕೊನೆಯಲ್ಲಿ ಬರುತ್ತದೆ.

ಮೊನ್ನೆ ಮಧ್ಯಾಹ್ನ ಕರೆ ಬಂತು. ಹೊಸ ಬಡಾವಣೆಯ ಒಂದು ಕಟ್ಟಡದಲ್ಲಿ ತಾಯಿ, ಮಗು ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದಾರೆ, ಎರಡು ಮಹಡಿಯ ನಡುವೆ. ಹೊರಟೆ. ಬಿಸಿಲು ಸುಡುತ್ತಿತ್ತು. ಅರ್ಧ ದಾರಿಯಲ್ಲಿ ಮೊಬೈಲ್ ಕಾದು, ತಣ್ಣಗಾಗುವವರೆಗೆ ಕೆಲಸ ಮಾಡುವುದಿಲ್ಲ ಎಂದು ಬರೆದು ಆರಿಹೋಯಿತು. ಅಲ್ಲಿ ಒಂದರ ಹಾಗೆ ಇನ್ನೊಂದು ಕಟ್ಟಡ, ಎಲ್ಲಕ್ಕೂ ಒಂದೇ ಹಳದಿ ಬಣ್ಣ. ಒಬ್ಬ ವಾಚ್‌ಮನ್ ಈ ಕಡೆ ಅಂದ, ಇನ್ನೊಬ್ಬ ಆ ಕಡೆ ಅಂದ. ಇಡೀ ಬಡಾವಣೆ ಸುತ್ತಿ ನಾನು ತಲುಪುವಷ್ಟರಲ್ಲಿ ಹಾರೆ ತಂದು ಬಾಗಿಲು ಮೀಟುತ್ತಿದ್ದರು.

"ಮೀಟಬೇಡಿ, ಹಿಂದೆ ಸರೀರಿ" ಅಂದೆ. ಬಾಗಿಲು ಅರ್ಧ ತೆರೆದು, ಒಳಗಿರುವವರು ಹೆದರಿ ನುಸುಳಲು ನೋಡಿ, ಕೆಳಗಿನ ಸಂದಿಯಿಂದ ಜಾರಿದರೆ ನೇರ ಪಾತಾಳ. ಹಾರೆ ಹಿಡಿದಿದ್ದವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಓ, ಹೆಂಗಸನ್ನ ಕಳಿಸಿದ್ದಾರೆ, ಅದಕ್ಕೇ ಇಷ್ಟು ಲೇಟು" ಅಂದ. ಜಗಳ ಆಡುವಷ್ಟು ಪುರುಸೊತ್ತಿರಲಿಲ್ಲ. ಮೇಲೆ ಮಿಷನ್ ರೂಮಿಗೆ ಓಡಿದೆ, ಮೇನ್ ಆರಿಸಿದೆ, ಬ್ರೇಕ್ ಬಿಡಿಸಿ ಕೈಯಲ್ಲೇ ಚಕ್ರ ತಿರುಗಿಸಿ ಲಿಫ್ಟನ್ನು ಮಹಡಿಗೆ ಸಮ ಮಾಡಿದೆ. ಕೀಲಿ ಹಾಕಿ ಬಾಗಿಲು ತೆಗೆದಾಗ ಆ ತಾಯಿ ನೆಲದ ಮೇಲೆ ಕೂತಿದ್ದಳು, ಮಗುವಿನ ಬಟ್ಟೆಯೆಲ್ಲ ಬಿಚ್ಚಿ ಸೆರಗಿನಲ್ಲಿ ಗಾಳಿ ಹಾಕುತ್ತಿದ್ದಳು. ಅವಳು ನನಗೆ ಏನೂ ಅನ್ನಲಿಲ್ಲ. ಸುತ್ತಲಿದ್ದವರು ಅವಳ ಪಾಲಿನದನ್ನೂ ಸೇರಿಸಿ ಅಂದರು. ಆಫೀಸಿಗೆ ಬಂದರೆ ಸೂಪರ್‌ವೈಸರ್ ವಿವರಣೆ ಬರೆದುಕೊಡು ಅಂದ. ಫೋನ್ ಕಾಯಿತು ಎಂದು ಬರೆದೆ. "ಇದೊಂದು ಕಾರಣಾನಾ?" ಅಂತ ನಕ್ಕ. ಇನ್ನೊಂದು ಸಲ ಹೀಗಾದರೆ ಗೋಡೌನಿಗೆ ಹಾಕುತ್ತಾನಂತೆ, ಬೋಲ್ಟ್ ಎಣಿಸಲು.

ಮನೆಗೆ ಬಂದು ಪೆಟ್ಟಿಗೆ ಇಳಿಸಿದೆ. ನೀವು ಹೇಳಿದಿರಿ ಎಂದಲ್ಲ. ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ವಯರಿಗೆ ಫ್ಯೂಸ್ ಹಾಕಿ ಸೇರಿಸಿದೆ. ಅದಕ್ಕೆ ನಿಮ್ಮ ಪಾಠ ಬೇಕಾಗಲಿಲ್ಲ, ದಿನವೂ ಮಾಡುವ ಕೆಲಸವೇ.

ಆನ್ ಮಾಡಿದರೆ, ಬೈಕಿನ ಬದಲು ಕಾರು ಎಂದು ಹಾಕಿದ್ದೀರಿ. ದೊಡ್ಡ ರಸ್ತೆ ಬಿಟ್ಟರೆ ಬೇರೆ ದಾರಿಯನ್ನೇ ಅದು ತೋರಿಸುವುದಿಲ್ಲ. ನಲವತ್ತು ದಾಟಿದರೆ ಕಿರುಚುತ್ತದೆ. ಸರಿ, ಬದಲಿಸೋಣ ಎಂದರೆ ಬೀಗ. ಪಿನ್ ಕೇಳುತ್ತದೆ. ನನ್ನ ಹುಟ್ಟಿದ ದಿನ ಹಾಕಿದೆ, ನಿಮ್ಮದು, ಅಮ್ಮನದು, ಮನೆ ನಂಬರು, ಸ್ಕೂಲಿನ ಹಳೇ ಕಾರಿನ ನಂಬರು. ಯಾವುದೂ ಅಲ್ಲ.

ಮೂವತ್ತು ದಾಟಿದ ಮಗಳ ಬೈಕಿಗೆ ಬೀಗ ಹಾಕಿ ಕೀಲಿಕೈಯನ್ನು ಜೇಬಿನಲ್ಲಿಟ್ಟುಕೊಂಡಿದ್ದೀರಿ. ಮೈದಾನದಿಂದ ಮನೆಗೆ ಅಟ್ಟಿದ್ದು ಸಾಲದೇ ಹೋಯಿತೇ?

ಪಿನ್ ಏನು? ಅದೊಂದನ್ನು ಬರೆಯಿರಿ, ಬೇರೇನೂ ಬೇಡ.

ನಿಮ್ಮ ಮಗಳು


ಏಪ್ರಿಲ್ ೨೭

ಮಗಳಿಗೆ,

ಬೇರೇನೂ ಬೇಡ ಅಂದರೂ ಬರೆಯುತ್ತೇನೆ, ಕಾಗದ ನನ್ನದು.

ಆ ಹಾರೆಯವನು ಯಾರು? ಹೆಂಗಸಾದ್ದರಿಂದ ಲೇಟಂತೆ. ಇವನು ಹಾರೆ ಹಾಕಿ ಮೀಟಿ ಒಂದು ಜೀವ ತೆಗೆಯುತ್ತಿದ್ದನಲ್ಲ, ಅದು ಯಾವ ಗಂಡಸುತನ? ಸೂಪರ್‌ವೈಸರ್ ಎಂಬ ಪುಣ್ಯಾತ್ಮ ಏಸಿ ರೂಮಿನಲ್ಲಿ ಕೂತು ನಗುತ್ತಾನಂತೆ. ಒಂದು ದಿನ ಮಧ್ಯಾಹ್ನ ಅವನ ಮೊಬೈಲನ್ನು ಹ್ಯಾಂಡಲ್ಲಿಗೆ ಕಟ್ಟಿಕೊಂಡು ಆ ಬಡಾವಣೆ ಸುತ್ತಲಿ, ಆಮೇಲೆ ನಗಲಿ. ದಾರಿ ಹುಡುಕಿಕೊಂಡು ಹೋಗು ಅನ್ನುವ ಕಂಪನಿ ದಾರಿ ತೋರಿಸುವ ಸಾಮಾನನ್ನೂ ಕೊಡಬೇಕು. ಸ್ಪ್ಯಾನರ್ ಅವರು ಕೊಡುತ್ತಾರೆ ತಾನೆ? ಇದನ್ನು ನಿನ್ನ ವಿವರಣೆಯಲ್ಲಿ ಸೇರಿಸು. ನನಗೆ ಎರಡು ದಿನ ಊಟ ಸೇರಲಿಲ್ಲ. ನಿಮ್ಮಮ್ಮ, "ಅವಳ ಸೂಪರ್‌ವೈಸರ್ ಮೇಲಿನ ಸಿಟ್ಟನ್ನ ನನ್ನ ಅಡುಗೆ ಮೇಲೆ ಯಾಕೆ ತೋರಿಸ್ತೀರಿ?" ಅಂದಳು.

ಕಾರು ಎಂದು ಹಾಕಿದ್ದು ಬೇಕೆಂದೇ. ಬೈಕು ಎಂದು ಹಾಕಿದರೆ ಸಂದಿಗೊಂದಿಯಲ್ಲೆಲ್ಲ ನುಗ್ಗಿಸುತ್ತದೆ. ನಲವತ್ತಕ್ಕೆ ಕಿರುಚಲಿ ಎಂದು ಹಾಕಿದ್ದೂ ಬೇಕೆಂದೇ. ಗುಂಡಿಗೆ ಬಿದ್ದವಳು ಯಾರು, ನಾನೇ?

ಪಿನ್ ೪೭೧೨. ಅದು ಯಾವ ದಿನವೂ ಅಲ್ಲ, ಯಾವ ನಂಬರೂ ಅಲ್ಲ. ನೀನು ಊಹಿಸಬಾರದು ಎಂದೇ ಮನಸ್ಸಿಗೆ ಬಂದದ್ದನ್ನು ಹಾಕಿದ್ದೆ.

ಆ ಮಗು ಹೇಗಿದೆ ಎಂದು ಗೊತ್ತಾದರೆ ಬರೆ.

ಅಪ್ಪ


ಮೇ ೧೨

ಅಪ್ಪನವರಿಗೆ,

ಮಗು ಚೆನ್ನಾಗಿದೆ. ಮೊನ್ನೆ ಅದೇ ಕಟ್ಟಡಕ್ಕೆ ಸರ್ವೀಸಿಗೆ ಹೋದಾಗ ನೋಡಿದೆ, ತಾಯಿಯ ಸೊಂಟದ ಮೇಲೆ ಕೂತು ಲಿಫ್ಟಿನ ಗುಂಡಿಗಳನ್ನೆಲ್ಲ ಒತ್ತುತ್ತಿತ್ತು.

ಪಿನ್ ಹಾಕಿ ಬೀಗ ತೆಗೆದೆ, ಬೈಕು ಎಂದು ಬದಲಿಸಿದೆ, ಕಿರುಚುವುದನ್ನು ನಿಲ್ಲಿಸಿದೆ. ಬಿಸಿಲಿಗೆ ಆರಿಹೋಗುವುದಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಉಳಿದದ್ದನ್ನೂ ಕೇಳಿ. ವೇಗ ಸ್ವಲ್ಪ ಏರಿದರೆ ಹೆಲ್ಮೆಟ್ಟಿನೊಳಗೆ ಗಾಳಿಯ ಸದ್ದು ಬಿಟ್ಟರೆ ಏನೂ ಕೇಳುವುದಿಲ್ಲ. ನಡು ಮಧ್ಯಾಹ್ನ ಪರದೆ ಕನ್ನಡಿಯಾಗುತ್ತದೆ. ತಿರುವು ಎದುರಿಗೆ ಬಂದ ಮೇಲೆ ತಿರುಗು ಅನ್ನುತ್ತದೆ, ಅಷ್ಟರಲ್ಲಿ ನಾನು ಮುಂದೆ ಹೋಗಿರುತ್ತೇನೆ. ದೊಡ್ಡ ಕಟ್ಟಡಗಳಿದ್ದರೆ ಗೇಟಿನ ಬದಲು ಹಿಂದಿನ ಕಾಂಪೌಂಡ್ ಗೋಡೆಗೆ ಕರೆದೊಯ್ದು, ತಲುಪಿದಿರಿ ಅನ್ನುತ್ತದೆ. ಲಿಫ್ಟಿನಲ್ಲಿ ಸಿಕ್ಕಿಬಿದ್ದವರನ್ನು ನಾನು ಗೋಡೆ ಹಾರಿ ಬಿಡಿಸಬೇಕೇನೋ.

ಪುಸ್ತಕ ಓದಿ ಆರಿಸಿದರೆ ಹೀಗೇ. ಕಳಿಸುವ ಮೊದಲು ಒಂದು ಸಲ ಬೈಕಿಗೆ ಹಾಕಿ ಓಡಿಸಿ ನೋಡಿದ್ದರೆ ಎಲ್ಲ ಗೊತ್ತಾಗುತ್ತಿತ್ತು. ಅಷ್ಟೂ ಆಗಲಿಲ್ಲವೇ ನಿಮ್ಮ ಕೈಲಿ?

ನಿಮ್ಮ ಮಗಳು


ಜೂನ್ ೨

ಮಗಳಿಗೆ,

ಅಕ್ಷರ ಕೆಟ್ಟದಾಗಿದ್ದರೆ ಪೆನ್ನಿನ ತಪ್ಪು.

ಸ್ಪೀಕರನ್ನು ನೀನು ಕೆನ್ನೆಯ ಹತ್ತಿರ ಅಂಟಿಸಿರುತ್ತೀಯ. ಕಿವಿಯ ತೂತಿಗೆ ಸರಿಯಾಗಿ ಇರಬೇಕು, ಕಿವಿಗೆ ತಾಗುವಷ್ಟು ಹತ್ತಿರ. ಅದರ ಹಿಂದೆ ಬಟ್ಟೆ ಮಡಚಿಡು, ಮುಂದಕ್ಕೆ ಬರುತ್ತದೆ. ಸದ್ದು ಏರಿಸಿ ಪ್ರಯೋಜನವಿಲ್ಲ, ಗಾಳಿ ಅದನ್ನೂ ನುಂಗುತ್ತದೆ.

ಪರದೆ ಆಕಾಶ ನೋಡುವ ಹಾಗೆ ಮಲಗಿಸಿದರೆ ಮೋಡ ಬಿಟ್ಟು ಬೇರೇನೂ ಕಾಣುವುದಿಲ್ಲ. ಎದೆಯ ಕಡೆ ಮುಖ ಮಾಡಿ ನಿಲ್ಲಿಸು. ಹಾಗೆ ನಿಲ್ಲಿಸಿದರೂ ಬಿಳಿ ಅಂಗಿ ಹಾಕಿದರೆ ಪರದೆಯ ತುಂಬ ನಮ್ಮ ಅಂಗಿಯೇ ಕಾಣುತ್ತದೆ. ಕಪ್ಪು ಜಾಕೆಟ್ ಹಾಕಿಕೋ.

ತಿರುವಿನ ಸೂಚನೆ ಬೇಗ ಬರುವಂತೆ ಮಾಡಲು ಸೆಟ್ಟಿಂಗ್ ಇದೆ, ಧ್ವನಿಯ ಪಟ್ಟಿಯಲ್ಲಿ ಅಡಗಿಸಿಟ್ಟಿದ್ದಾರೆ. ಯಾಕೆ ಅಡಗಿಸಿದರು ಎಂದು ಅಂಗಡಿಯವನನ್ನು ಕೇಳಿದೆ, ಅವನಿಗೆ ಅದು ಇರುವುದೇ ಗೊತ್ತಿರಲಿಲ್ಲ. ಗೇಟಿನ ವಿಷಯಕ್ಕೆ, ಒಂದು ಕಟ್ಟಡಕ್ಕೆ ಮೊದಲ ಸಲ ಹೋದಾಗ ಗೇಟಿನಲ್ಲೇ ನಿಂತು ಆ ಜಾಗವನ್ನು ಗುರುತು ಹಾಕಿ ಉಳಿಸಿಕೋ, ಮುಂದಿನ ಸಲ ಗೋಡೆಗೆ ಹೋಗುವುದಿಲ್ಲ.

ಇನ್ನೊಂದು. ತಿರುವಿನಲ್ಲಿ ಪರದೆ ನೋಡಬೇಡ. ಕಣ್ಣು ಹೋದ ಕಡೆಗೇ ಗಾಡಿಯೂ ಹೋಗುತ್ತದೆ. ಕಾರಿನಲ್ಲಿ ಹೀಗಾಗುವುದಿಲ್ಲ. ಇದು ದೊಡ್ಡ ಅನ್ಯಾಯ, ಯಾರೂ ಮೊದಲೇ ಹೇಳುವುದಿಲ್ಲ.

ಅಪ್ಪ


ಜೂನ್ ೮

ಅಪ್ಪನವರಿಗೆ,

ನೀವು ಹೇಳಿದ್ದೆಲ್ಲ ಮಾಡಿದೆ. ಎಲ್ಲವೂ ಸರಿಹೋಯಿತು. ಅದೇ ನನ್ನ ತಲೆ ಕೆಡಿಸಿದೆ.

'ನಮ್ಮ ಅಂಗಿ' ಎಂದು ಬರೆದಿದ್ದೀರಿ. ಯಾರ ಅಂಗಿ? ಕಣ್ಣು ಹೋದ ಕಡೆ ಗಾಡಿ ಹೋಗುತ್ತದೆ ಎನ್ನುವುದು ಕುರ್ಚಿಯಲ್ಲಿ ಕೂತವರಿಗೆ ಹೊಳೆಯುವ ಮಾತಲ್ಲ. ಫೆಬ್ರವರಿಯಲ್ಲಿ ಕ್ಲಚ್ ಯಾವ ಕೈಯಲ್ಲಿದೆ ಎಂದು ಗೊತ್ತಿಲ್ಲದವರಿಗೆ ಇಷ್ಟೆಲ್ಲ ಈಗ ಹೇಗೆ ಗೊತ್ತಾಯಿತು? ಆ ಅಕ್ಷರವೂ ಪೆನ್ನಿನ ತಪ್ಪಲ್ಲ. ಮನೆಯಲ್ಲಿ ಏನು ನಡೆಯುತ್ತಿದೆ?

ನಿಮ್ಮ ಮಗಳು


ಜೂನ್ ೧೪

ಮಗಳೇ,

ಫೋನಿನಲ್ಲಿ ಹೇಳಿದರೆ ಇವರು ಪಕ್ಕದಲ್ಲೇ ಕೂತು ಕೇಳುತ್ತಾರೆ, ಅದಕ್ಕೇ ನಾನೂ ಬರೆಯಲು ಕೂತಿದ್ದೇನೆ. ಇವರ ಕಾಗದ ಪೋಸ್ಟ್ ಡಬ್ಬಕ್ಕೆ ಹಾಕಿ ಹಾಕಿ ನನಗೆ ಸಾಕಾಗಿದೆ.

ನಿಮ್ಮಪ್ಪನಿಗೆ ಬೈಕ್ ಓಡಿಸಲು ಬರುವುದಿಲ್ಲ. ಮರೆತದ್ದಲ್ಲ, ಯಾವತ್ತೂ ಬಂದಿಲ್ಲ. ಸೈಕಲ್ಲೂ ಬರುವುದಿಲ್ಲ. ಚಿಕ್ಕಂದಿನಲ್ಲಿ ಕಲಿಯಲಿಲ್ಲ, ದೊಡ್ಡವರಾದ ಮೇಲೆ ಕಲಿಯಲು ನಾಚಿಕೆ. ಸ್ಕೂಲ್ ಶುರು ಮಾಡಿದಾಗ ಬೈಕೂ ಕಲಿಸುತ್ತೇವೆ ಅನ್ನದಿದ್ದರೆ ಜನ ಎದುರಿನ ಸ್ಕೂಲಿಗೆ ಹೋಗುತ್ತಾರೆ ಎಂದು ಬೋರ್ಡಿನ ಮೇಲೆ ಎರಡನ್ನೂ ಬರೆಸಿದರು. ಬೈಕ್ ಕಲಿಸುತ್ತಿದ್ದದ್ದು ಅಸಿಸ್ಟೆಂಟ್. ಇವರು ಕುರ್ಚಿ ಹಾಕಿಕೊಂಡು ಕೂತು ಪುಸ್ತಕದಲ್ಲಿರುವುದನ್ನು ಹೇಳುತ್ತಿದ್ದರು.

ನೀನು ಮೈದಾನಕ್ಕೆ ಹೋದ ದಿನ ಅಸಿಸ್ಟೆಂಟ್ ರಜೆಯಲ್ಲಿದ್ದ. ನೀನು ಹತ್ತಿ ತೋರಿಸು ಅಂದೆಯಂತೆ. ಸುತ್ತ ಜನ. ಬಾಯಿಗೆ ಬಂದದ್ದು ಹೇಳಿ ನಿನ್ನನ್ನು ಅಟ್ಟಿದರು. ಆವತ್ತು ಮನೆಗೆ ಬಂದು ಊಟ ಮಾಡಲಿಲ್ಲ. "ಅವಳಿಗೆ ನಿಜ ಹೇಳಿಬಿಡಿ" ಅಂದೆ. "ಮಗಳ ಕಣ್ಣಲ್ಲಿ ನಾನು ಸಣ್ಣವನಾಗಲ್ಲ" ಅಂದರು. ಸಣ್ಣವರಾಗುವುದು ಬೇಡ ಎಂದು ಕೆಟ್ಟವರಾದರು. ನನ್ನ ಕೈಯಲ್ಲಿ ಬಾಯಿ ಬಿಡುವುದಿಲ್ಲ ಎಂದು ಆಣೆ ಹಾಕಿಸಿಕೊಂಡರು. ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡೆನಲ್ಲ, ನನ್ನ ಮೇಲೆ ನನಗೇ ಸಿಟ್ಟು.

ಈಗಿನದು ಕೇಳು. ಮೇ ತಿಂಗಳ ನಿನ್ನ ಕಾಗದ ಓದಿ ಅಂಗಡಿಗೆ ಹೋದರು. ಜಗಳ ಆಡಿ, ಷೋಕೇಸಿನಲ್ಲಿದ್ದ ನಿನ್ನಂಥದೇ ಇನ್ನೊಂದು ಜಿಪಿಎಸ್ಸನ್ನು ಎರವಲು ತಂದರು. ನನ್ನ ತಮ್ಮನ ಬೈಕಿಗೆ ಕಟ್ಟಿಸಿ, ಹೆಲ್ಮೆಟ್ ಹಾಕಿಕೊಂಡು, ಅವನ ಹಿಂದೆ ಕೂತು ಊರೆಲ್ಲ ಸುತ್ತಿದರು. "ಹಿಂದೆ ಕೂತ್ರೆ ಸರಿಯಾಗಿ ಗೊತ್ತಾಗಲ್ಲ" ಅಂದರು. ಮಾರನೇ ದಿನದಿಂದ ಬೆಳಿಗ್ಗೆ ತಾನೇ ಓಡಿಸುವುದು, ನನ್ನ ತಮ್ಮ ಹಿಂದಿನಿಂದ ಹಿಡಿದುಕೊಂಡು ಓಡುವುದು. ಅರವತ್ತಾರು ವರ್ಷದವರನ್ನು ಐವತ್ತೆಂಟು ವರ್ಷದವನು ಹಿಡಿದುಕೊಂಡು ಓಡುತ್ತಾನೆ. ನೋಡಿದವರು ಏನಂದುಕೊಂಡರೋ. ಹೇಗೋ ಮೈದಾನ ಸುತ್ತುವಷ್ಟು ಕಲಿತರು. ಒಂದು ದಿನ ತಿರುವಿನಲ್ಲಿ ಆ ಪರದೆ ನೋಡುತ್ತಾ ಹೋಗಿ ಫುಟ್‌ಬಾಲ್ ಗೋಲ್ ಕಂಬಕ್ಕೆ ಗುದ್ದಿದರು. ಬಲಗೈ ಮಣಿಕಟ್ಟು ಬಿರುಕು ಬಿಟ್ಟಿದೆ, ಪ್ಲಾಸ್ಟರ್ ಹಾಕಿದ್ದಾರೆ. ನಿನಗೆ ಬಂದ ಕಾಗದ ಎಡಗೈಯಲ್ಲಿ ಬರೆದದ್ದು. ನಾನು ಬರೆದುಕೊಡುತ್ತೇನೆ ಎಂದರೆ ಬಿಡಲಿಲ್ಲ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಮತ್ತೆ ಹತ್ತುತ್ತಾರಂತೆ. ಬೈದೆ, ಅತ್ತೆ, ನನ್ನ ತಮ್ಮನನ್ನು ಮನೆಗೇ ಬರಬೇಡ ಅಂದೆ. ಯಾವುದೂ ನಡೆಯಲಿಲ್ಲ. ಆ ಕಾಗದ ಬರೆದವಳು ನೀನು, ನೀನೇ ಏನಾದರೂ ಮಾಡು.

ಅಮ್ಮ


ಜೂನ್ ೧೯

ಅಪ್ಪ,

ಅಮ್ಮ ಎಲ್ಲ ಬರೆದಿದ್ದಾಳೆ. ಅವಳ ಮೇಲೆ ರೇಗಬೇಡ, ನನ್ನ ಮೇಲೆ ರೇಗು. ಮೊದಲು ನಾನು ರೇಗಿ ಮುಗಿಸುತ್ತೇನೆ, ಆಮೇಲೆ.

ಈ ಕಾಗದ ಬರೆದು ಹರಿದು, ಬರೆದು ಹರಿದು, ಈಗ ಇದನ್ನು ಹರಿಯುವುದಿಲ್ಲ ಎಂದು ಕೂತಿದ್ದೇನೆ. ಹುಡುಗಿಗೆ ಯಾಕೆ ಬೈಕು ಅಂದೆಯಲ್ಲ, ಆ ಮಾತನ್ನು ನಾನು ಎಲ್ಲೆಲ್ಲಿಗೆ ಹೊತ್ತುಕೊಂಡು ಹೋಗಿದ್ದೇನೆ ಗೊತ್ತೇ? ಲೈಸೆನ್ಸ್ ಕೈಗೆ ಬಂದ ದಿನ ನಿನಗೆ ತೋರಿಸಬೇಕು ಅನ್ನಿಸಲಿಲ್ಲ. ಈ ಕೆಲಸದ ಇಂಟರ್ವ್ಯೂನಲ್ಲಿ ಒಬ್ಬ, "ಮಿಷನ್ ರೂಮ್ ಹತ್ತೋದು ಹೆಂಗಸರಿಂದ ಆಗತ್ತಾ?" ಅಂದಾಗ ಅವನ ಮುಖದಲ್ಲಿ ನಿನ್ನ ಮುಖ ಕಂಡಿತು. ಅವನಿಗೆ ಕೊಟ್ಟ ಉತ್ತರ ನಿನಗೆ ಕೊಟ್ಟ ಉತ್ತರ. ನೀನು ಅದನ್ನು ನಿಜವಾಗಿ ನಂಬಿದ್ದಿದ್ದರೆ ನಾನು ಕ್ಷಮಿಸದೆ ಇದ್ದುಬಿಡಬಹುದಿತ್ತು. ನಂಬದೆಯೇ ಅಂದೆಯಲ್ಲ, ಅದು ಇನ್ನೂ ಕೆಟ್ಟದ್ದು. ನಂಗೆ ಬರಲ್ಲ ಎಂದು ಕಿವಿಯಲ್ಲಾದರೂ ಹೇಳಿದ್ದರೆ ಇಬ್ಬರೂ ಸೇರಿ ಕಲಿಯುತ್ತಿದ್ದೆವು. ಬೀಳುವುದಾಗಿದ್ದರೆ ಒಟ್ಟಿಗೇ ಬೀಳುತ್ತಿದ್ದೆವು. ಯಾಕಪ್ಪಾ ಹೇಳಲಿಲ್ಲ?

ಅದಿರಲಿ. ಪ್ಲಾಸ್ಟರ್ ಬಿಚ್ಚಿದ ಕೂಡಲೇ ಬೈಕ್ ಮುಟ್ಟಿದೆ ಎಂದು ಗೊತ್ತಾದರೆ ನಾನು ಈ ಮಿಷನ್ನನ್ನು ಬಿಚ್ಚಿ ಚರಂಡಿಗೆ ಹಾಕುತ್ತೇನೆ. ಕೈ ಬಲ ಬರುವವರೆಗೆ ಡಾಕ್ಟರ್ ಹೇಳಿದ ವ್ಯಾಯಾಮ ಮಾಡು, ತಪ್ಪಿಸಬೇಡ. ಜುಲೈ ಮೂರನೇ ಭಾನುವಾರ ನಾನು ಬೈಕಿನಲ್ಲೇ ಬರುತ್ತೇನೆ. ಮೈದಾನ ಬೇಡ. ಗೋದಾಮುಗಳ ಹಿಂದೆ ಹೊಸದಾಗಿ ಸಿಮೆಂಟ್ ರಸ್ತೆ ಆಗಿದೆಯಂತೆ, ಭಾನುವಾರ ಲಾರಿ ಓಡಾಡುವುದಿಲ್ಲ ಎಂದು ಮಾವ ಹೇಳಿದ. ಮಾವನ ಕೆಲಸ ಇನ್ನು ಮುಗಿಯಿತು, ಅವನು ಹಿಂದೆ ಓಡಬೇಕಾಗಿಲ್ಲ. ನಿನ್ನ ತಲೆಯ ಅಳತೆಯ ಹೆಲ್ಮೆಟ್ ತೆಗೆದುಕೊಂಡಿರು, ಅವನದನ್ನು ಹಾಕಬೇಡ. ಚಪ್ಪಲಿ ನಡೆಯುವುದಿಲ್ಲ, ಶೂ. ಎರವಲು ತಂದ ಜಿಪಿಎಸ್ಸನ್ನು ಅಂಗಡಿಯವನಿಗೆ ಮೊದಲು ವಾಪಸ್ ಕೊಟ್ಟು ಬಾ. ದಾರಿ ನೋಡುವುದು ಆಮೇಲೆ, ಮೊದಲು ಗಾಡಿ ನಿಲ್ಲಿಸುವುದು ಕಲಿ.

ಮಗಳು


ಜುಲೈ ೨೨

ಮಗಳಿಗೆ,

ಕ್ಷೇಮವಾಗಿ ತಲುಪಿದೆ ಎಂದು ನಿಮ್ಮಮ್ಮ ಹೇಳಿದಳು. ಸಂತೋಷ. ಈಗ ನನ್ನ ದೂರುಗಳನ್ನು ಕೇಳು.

ಕಲಿಸುವುದು ಹೇಗೆ ಎಂದು ನಿನಗೆ ಗೊತ್ತಿಲ್ಲ. ಬೆಳಿಗ್ಗೆಯೆಲ್ಲ ಎಂಜಿನ್ ಆರಿಸಿ ಗಾಡಿ ತಳ್ಳಿಸಿದೆ. ತಳ್ಳುವುದನ್ನು ಕಲಿಯಲು ನನಗೆ ಗುರು ಬೇಕಾಗಿರಲಿಲ್ಲ. ಬ್ರೇಕ್ ಹಿಡಿ, ಬಿಡು, ಹಿಡಿ, ಬಿಡು, ಅದನ್ನೇ ಎಷ್ಟು ಹೊತ್ತು? ಅರ್ಧ ಕ್ಲಚ್ಚಿನಲ್ಲಿ ಎಂಜಿನ್ನಿಗೆ ಏನಾಗುತ್ತದೆ ಎಂದು ನಾನು ಒಂದು ಸರಿಯಾದ ಪ್ರಶ್ನೆ ಕೇಳಿದರೆ, "ಅದೆಲ್ಲಾ ಗೊತ್ತಾಗೋದು ಕೈಗೆ, ಬಾಯಿಗಲ್ಲ, ಸುಮ್ನೆ ಹಿಡ್ಕೊಂಡು ನೋಡು" ಅಂದೆ. ಶಿಷ್ಯರೊಂದಿಗೆ ಮಾತಾಡುವ ರೀತಿ ಇದಲ್ಲ.

ಗೋದಾಮಿನ ವಾಚ್‌ಮನ್ ಬಂದು, "ಸಾರ್, ನೀವು ನಮ್ಮ ಅಣ್ಣಂಗೆ ಕಾರ್ ಕಲಿಸಿದ್ರಲ್ಲ?" ಅಂದಾಗ, "ಹೌದು, ಈಗ ನನ್ನ ಹತ್ರ ಬೈಕ್ ಕಲೀತಿದಾರೆ" ಎಂದು ನೀನು ಅಷ್ಟು ಜೋರಾಗಿ ಹೇಳಬೇಕಾಗಿರಲಿಲ್ಲ. ಅವನು ಕಿವುಡನಲ್ಲ. ಆದರೂ ನಾನು ಗಾಡಿಯಿಂದ ಇಳಿಯಲಿಲ್ಲ, ಅದನ್ನು ನೀನು ಗಮನಿಸಿದೆಯೋ ಇಲ್ಲವೋ. ಅವನು ಒಂದು ಸ್ಟೂಲ್ ತಂದು ಹಾಕಿಕೊಂಡು ಕೂತ.

ಹೋದ ತಿಂಗಳ ಕಾಗದದಲ್ಲಿ, ಯಾಕಪ್ಪಾ ಹೇಳಲಿಲ್ಲ ಎಂದು ನೀನು ಕೇಳಿದ್ದೆ. ಉತ್ತರ ಬರೆಯಲು ಕೂತೆ, ಎಡಗೈ ಸಹಕರಿಸಲಿಲ್ಲ. ಪ್ಲಾಸ್ಟರ್ ಬಿಚ್ಚಿದ ಮೇಲೆ ಬಲಗೈಯಲ್ಲಿ ಕೂತೆ, ಅದೂ ಸಹಕರಿಸಲಿಲ್ಲ. ನೀನು ಬಂದಾಗ ಎದುರಿಗೇ ಹೇಳೋಣ ಎಂದು ಬೆಳಗಿನಿಂದ ಬಾಗಿಲಲ್ಲಿ ನಿಂತಿದ್ದೆ. ನೀನು ಬಂದವಳೇ ಹೆಲ್ಮೆಟ್ ಕೈಗೆ ಕೊಟ್ಟು, "ಹತ್ತು" ಅಂದೆ. ಹತ್ತಿದೆ.

ಊಟದ ಹೊತ್ತಿಗೆ ನಿಮ್ಮಮ್ಮ ಇಬ್ಬರ ಮುಖವನ್ನೂ ನೋಡಿ ಏನೂ ಕೇಳದೆ ಬಡಿಸಿದಳು. ಅವಳಿಗೆ ಇದು ಹೊಸದು.

ಎಲ್ಲಕ್ಕಿಂತ ದೊಡ್ಡ ದೂರು ಇನ್ನೂ ಇದೆ. ಸಿಮೆಂಟ್ ರಸ್ತೆಯ ಆ ತುದಿಯಿಂದ ಈ ತುದಿಯವರೆಗೆ ನಾನು ಒಬ್ಬನೇ, ಯಾರೂ ಹಿಡಿಯದೆ, ನೆಟ್ಟಗೆ ಬಂದೆ. ಎಂಜಿನ್ ಬೇಡಿಕೊಳ್ಳುತ್ತಿತ್ತು, ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆದರೂ ಎರಡನೇ ಗೇರ್ ಹಾಕಲು ನೀನು ಬಿಡಲಿಲ್ಲ. ಇದಕ್ಕೆ ನೀನು ಯಾವ ಕಾರಣ ಕೊಟ್ಟರೂ ನಾನು ಒಪ್ಪುವುದಿಲ್ಲ. ಭಾನುವಾರ ಬಾ. ಹಾಕೇ ಹಾಕುತ್ತೇನೆ, ನೀನು ಏನು ಬೇಕಾದರೂ ಅನ್ನು.

ಅಪ್ಪ